ಹಾಜರಿ ಕರೆಯುವ ಭಾವ

ಬೆಂಗಳೂರಿನಲ್ಲಿ ಅರವತ್ತು ದಾಟಿದ ಗಂಡಸರದೊಂದು ಪಂಗಡವಿದೆ. ಮೇಲ್ನೋಟಕ್ಕೆ ಗುರುತು ಹತ್ತುವುದಿಲ್ಲ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾಗಿರುತ್ತಾರೆ, ಬೆಳಗ್ಗೆ ಲಾಲ್‌ಬಾಗಿನಲ್ಲಿ ಸುತ್ತು ಹಾಕುತ್ತಾರೆ, ತಿಂಡಿಗೆ ಮೊದಲು ಬಿ.ಪಿ. ಮಾತ್ರೆ ನುಂಗುತ್ತಾರೆ. ಆದರೆ ಪಕ್ಕದಲ್ಲಿ ಯಾರಾದರೂ ಅಪ್ಪಿತಪ್ಪಿ ‘ಡೀಪ್ ಪರ್ಪಲ್’ ಅಂದರೆ ಸಾಕು, ನಡಿಗೆ ನಿಲ್ಲುತ್ತದೆ, ಹುಬ್ಬು ಮೇಲೇರುತ್ತದೆ. ‘ಯಾವ ಡೀಪ್ ಪರ್ಪಲ್?’ ಅನ್ನುತ್ತಾರೆ. ಉತ್ತರ ಹೇಳಲು ನಿಂತವನು ಆ ದಿನ ಆಫೀಸಿಗೆ ತಡ.

ಪ್ರಶ್ನೆಯೇನೋ ನ್ಯಾಯವಾದದ್ದೇ. 1968ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಬ್ಯಾಂಡಿನಲ್ಲಿ ಬಂದವರು ಹೋದವರ ಲೆಕ್ಕವಿಡಲು ಅಭಿಮಾನಿಗಳು ಮಾರ್ಕ್ ಒಂದು, ಮಾರ್ಕ್ ಎರಡು ಎಂದು ನಂಬರು ಹಾಕಿಕೊಂಡಿದ್ದಾರೆ. ಎಲ್ಲ ಮಾರ್ಕುಗಳಲ್ಲೂ ಇರುವವರು ಡ್ರಮ್ಮಿನ ಇಯಾನ್ ಪೇಸ್ ಒಬ್ಬರೇ. ಗಿಟಾರು ಹಿಡಿದ ಹುಡುಗರೆಲ್ಲ ಮೊದಲು ಟ್ಯಾಂವ್ ಟ್ಯಾಂವ್ ಅನ್ನಿಸುವ ‘ಸ್ಮೋಕ್ ಆನ್ ದ ವಾಟರ್’ ಬಂದದ್ದು 1972ರಲ್ಲಿ, ಮಾರ್ಕ್ ಎರಡರಿಂದ. ಅದನ್ನು ಹಾಡಿದ ಇಯಾನ್ ಗಿಲ್ಲನ್ ಮೂಲ ತಂಡದವರೇ ಅಲ್ಲ. ಇದನ್ನು ನೆನಪಿಸಿದರೆ ಪಂಗಡದವರು ‘ಅದು ಬೇರೆ ವಿಷಯ’ ಎಂದು ಕೈಯಾಡಿಸುತ್ತಾರೆ. ಅವರ ಸಿದ್ಧಾಂತ ಒಂದೇ: ಮುಖ್ಯರಾದವರು ಬಿಟ್ಟುಹೋದ ಮೇಲೆ ಉಳಿಯುವುದು ಬ್ಯಾಂಡಲ್ಲ, ಬೋರ್ಡು.

ನನ್ನ ಪಾಲಿಗೆ ಬಂದ ಮಾದರಿ ಅಕ್ಕನ ಗಂಡ. ಸಂಬಂಧ ಮದುವೆಯಿಂದ ಬಂದದ್ದು, ವಾಪಸು ಮಾಡುವಂತಿಲ್ಲ. ಒಳ್ಳೆಯ ಮನುಷ್ಯ. ನನ್ನ ಮಗನ ಫೀಸಿಗೆ ಕೇಳದೆಯೇ ದುಡ್ಡು ಕೊಟ್ಟವರು. ಆದರೆ ಟಿ.ವಿ.ಯಲ್ಲಿ ಯಾವುದಾದರೂ ಕಾನ್ಸರ್ಟ್ ಹಾಕಿದರೆ ರಿಮೋಟು ಅವರ ಕೈ ಸೇರುತ್ತದೆ, ಎರಡು ನಿಮಿಷಕ್ಕೊಮ್ಮೆ ಹಾಡು ನಿಲ್ಲುತ್ತದೆ, ಪರದೆಯ ಮೇಲಿನ ಒಬ್ಬೊಬ್ಬರಿಗೂ ಹಾಜರಿ ಕರೆಯುವುದು ನಡೆಯುತ್ತದೆ. ‘ಇವನು ಹೊಸಬ. ಇವನು ಬಾಡಿಗೆಯವನು. ಇವನು ಸತ್ತವನ ಜಾಗಕ್ಕೆ ಬಂದವನು.’ ಕ್ವೀನ್ ಹೆಸರಿನ ಮುಂದೆ ಕೂಡಿಸುವ ಚಿಹ್ನೆ ಹಾಕಿ ಆಡಂ ಲ್ಯಾಂಬರ್ಟ್ ಎಂದು ಬರೆದಿರುವುದನ್ನು ಕಂಡರೆ ‘ಕೂಡಿಸಿದ್ದು ಸರಿ, ಕಳೆದದ್ದನ್ನು ಯಾಕೆ ಬರೆದಿಲ್ಲ?’ ಅನ್ನುತ್ತಾರೆ. ಅವರ ಪ್ರಕಾರ ಭೂಮಿಯ ಮೇಲೆ ಮರ್ಯಾದಸ್ಥ ಬ್ಯಾಂಡು ಲೆಡ್ ಜೆಪ್ಲಿನ್ ಒಂದೇ. 1980ರಲ್ಲಿ ಡ್ರಮ್ಮರ್ ಜಾನ್ ಬೋನಂ ತೀರಿಕೊಂಡರು, ಅದೇ ಡಿಸೆಂಬರಿನಲ್ಲಿ ಉಳಿದವರು ಅಂಗಡಿ ಮುಚ್ಚಿದರು. ಅದೇ ವರ್ಷ ಗಾಯಕ ಬಾನ್ ಸ್ಕಾಟ್ ಸತ್ತು ಐದೇ ತಿಂಗಳಿಗೆ ಎಸಿ/ಡಿಸಿಯವರು ಬ್ರಯನ್ ಜಾನ್ಸನ್‌ರನ್ನು ಕರೆತಂದು ‘ಬ್ಯಾಕ್ ಇನ್ ಬ್ಲ್ಯಾಕ್’ ಮಾಡಿದ್ದು, ಅದು ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಒಂದಾದದ್ದು? ‘ಅಪವಾದ’ ಅನ್ನುತ್ತಾರೆ. ಭಾವನ ಅಪವಾದಗಳ ಪಟ್ಟಿ ಅವರ ಸಿದ್ಧಾಂತಕ್ಕಿಂತ ಉದ್ದ.

2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ ನನ್ನ ಟಿಕೆಟನ್ನೂ ಭಾವನೇ ತಂದರು. ‘ಇದು ಬರೀ ವಾಟರ್ಸ್ ಅಲ್ಲ ಕಣಯ್ಯಾ, ಅಸಲಿ ಪಿಂಕ್ ಫ್ಲಾಯ್ಡ್. ಉಳಿದವರ ಹತ್ತಿರ ಇರುವುದು ಹೆಸರು ಮಾತ್ರ’ ಅಂದರು. ವಾಟರ್ಸ್ ತಂಡ ಬಿಟ್ಟದ್ದು 1985ರಲ್ಲಿ. ನಾನಿಲ್ಲದ ಮೇಲೆ ಹೆಸರೂ ಇರಕೂಡದು ಎಂದು ಮರುವರ್ಷ ಕೋರ್ಟಿಗೆ ಹೋದರು. 1987ರ ಕೊನೆಗೆ ರಾಜಿಯಾಗಿ ಹೆಸರು ಡೇವಿಡ್ ಗಿಲ್ಮೋರ್ ಮತ್ತು ನಿಕ್ ಮೇಸನ್ ಕಡೆಗೆ ಹೋಯಿತು. ಇದಿಷ್ಟನ್ನೂ ಭಾವ ಆಟೋದಲ್ಲೇ ಮುಗಿಸಿದರು. ಮೈದಾನದಲ್ಲಿ ಕೈಚೀಲದಿಂದ ದುರ್ಬೀನು ತೆಗೆದರು. ರಂಗನತಿಟ್ಟಿನಲ್ಲಿ ಹಕ್ಕಿ ನೋಡಲು ಕೊಂಡದ್ದು ಅದು. ಹಳೆಯ ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಗೆರೆ ಹಾಕಿ ಹಾಜರಿ ಪಟ್ಟಿ ಸಿದ್ಧವಾಗಿತ್ತು. ಗಿಟಾರಿನವರಲ್ಲಿ ಸ್ನೋಯಿ ವೈಟ್ ಸಿಕ್ಕಿದರು. ‘1977ರಲ್ಲೂ ಫ್ಲಾಯ್ಡ್ ಜೊತೆ ವೇದಿಕೆ ಹತ್ತಿದ್ದ, ಆದರೆ ಸಂಬಳಕ್ಕೆ’ ಎಂದು ಗೊಣಗಿ ಅವರ ಹೆಸರಿನ ಮುಂದೆ ಅರ್ಧ ಹಾಜರಿ ಹಾಕಿದರು.

‘ಕಂಫರ್ಟಬ್ಲಿ ನಂಬ್’ ಬಂತು. ಗಿಟಾರಿನ ಸೋಲೋ ಶುರುವಾಯಿತು. ಇಡೀ ಮೈದಾನ ಬಾಯಿ ಬಿಟ್ಟುಕೊಂಡು ನಿಂತಿದೆ. ಬೇಸ್ ಯಾವುದು, ಲೀಡ್ ಯಾವುದು ತಿಳಿಯದ ನನಗೂ ರೋಮಾಂಚನ. ಭಾವ ನನ್ನ ಕಿವಿಗೆ ಬಾಯಿಟ್ಟು, ‘ಇದು ಗಿಲ್ಮೋರ್ ನುಡಿಸಬೇಕಾದದ್ದು. ಅವನಿಲ್ಲದೆ ಇದು ಫ್ಲಾಯ್ಡ್ ಹೇಗಾಗುತ್ತೆ?’ ಅಂದರು.

‘ಈಗ ತಾನೇ ಇದೇ ಅಸಲಿ ಅಂದಿರಿ, ಭಾವ.’

‘ಇಬ್ಬರೂ ಒಟ್ಟಿಗಿದ್ದರೆ ಅಸಲಿ.’

‘ಹಾಗಾದರೆ ಸಿಡ್ ಬ್ಯಾರೆಟ್?’

ಈ ಹೆಸರು ಅವರಿಂದಲೇ ಕಲಿತದ್ದು. ಬ್ಯಾಂಡಿಗೆ ಪಿಂಕ್ ಫ್ಲಾಯ್ಡ್ ಎಂದು ಹೆಸರಿಟ್ಟ ಪುಣ್ಯಾತ್ಮ 1968ರಲ್ಲೇ ಹೊರಬಿದ್ದಿದ್ದರು. ಆಗಿನ್ನೂ ‘ಡಾರ್ಕ್ ಸೈಡ್ ಆಫ್ ದ ಮೂನ್’ಗೆ ಐದು ವರ್ಷ ಬಾಕಿ. ಭಾವ ಉತ್ತರ ಹುಡುಕುತ್ತಿರುವಾಗ ಮುಂದಿದ್ದ ಹುಡುಗನೊಬ್ಬ ತಿರುಗಿ, ‘ಅಂಕಲ್, ಸೋಲೋ ಮುಗಿದ ಮೇಲೆ ಮಾತಾಡ್ತೀರಾ, ಪ್ಲೀಸ್?’ ಅಂದ. ಅಷ್ಟರಲ್ಲಿ ಸೋಲೋ ಮುಗಿದೇ ಹೋಯಿತು.

ಮರುವರ್ಷ ಅದೇ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದರು. ಭಾವ ಬರಲೊಲ್ಲೆ ಅಂದರು. ಬೇಸ್‌ನ ಬಿಲ್ ವೈಮನ್ 1993ರಲ್ಲೇ ಬಿಟ್ಟಿದ್ದರಲ್ಲ, ಅದಕ್ಕೆ. ಸ್ಟೋನ್ಸ್ ಕಟ್ಟಿದ ಬ್ರಯನ್ ಜೋನ್ಸ್‌ರನ್ನು 1969ರಲ್ಲೇ ಹೊರಗೆ ಕಳಿಸಿದ್ದು, ಅದಾಗಿ ತಿಂಗಳೊಳಗೆ ಅವರು ತೀರಿಕೊಂಡದ್ದು, ಆ ಮೇಲೆ ಬಂದ ಹಾಡುಗಳನ್ನೇ ಭಾವ ಸ್ನಾನದ ಮನೆಯಲ್ಲಿ ಹಾಡುವುದು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನಾವು ಹೋಗಿ ನಡುರಾತ್ರಿ ಮನೆ ಸೇರಿದೆವು. ಮರುದಿನ ಹಾಲಿನವನಿಗಿಂತ ಮೊದಲು ಭಾವ ಬಾಗಿಲಲ್ಲಿ. ‘ಕೀತ್ ಹೇಗಿದ್ದ? ಚಾರ್ಲಿ ನಕ್ಕನಾ? ಬೇಸ್ ಹೇಗಿತ್ತು, ಹೇಳು, ಕೆಟ್ಟದಾಗಿತ್ತು ತಾನೆ?’ ಚೆನ್ನಾಗಿತ್ತು ಅಂದೆ. ‘ನಿನಗೇನು ಗೊತ್ತಾಗುತ್ತೆ’ ಅಂದರು. ಅದೂ ನಿಜವೇ. ಆದರೆ ಎರಡು ಲೋಟ ಕಾಫಿ ಕುಡಿದು, ಒಂದೊಂದು ಹಾಡನ್ನೂ ಬಿಡಿಸಿ ಕೇಳಿಕೊಂಡು ಎದ್ದಾಗ ಅವರ ಮುಖ ನೋಡಿ ನನಗೆ ಸಿಟ್ಟು ಇಳಿದುಹೋಗಿತ್ತು.

ದಿನಾ ತಿಂಡಿಗೆ ಹೋಗುವ ಹೋಟೆಲಿನಲ್ಲಿ ದೋಸೆ ಹುಯ್ಯುವ ಭಟ್ಟರು ಎಷ್ಟು ಸಲ ಬದಲಾದರೂ ನೀವು ಹೋಗುವುದು ಬಿಟ್ಟಿಲ್ಲವಲ್ಲ ಎಂದು ಒಮ್ಮೆ ಕೇಳಿದೆ. ‘ದೋಸೆಯಲ್ಲಿ ಸೋಲೋ ಇಲ್ಲ’ ಅಂದರು.

ಭಾವನ ಬಾಯಿ ಕಟ್ಟುವ ಕೇಸು ಒಂದಿದೆ. 1980ರಲ್ಲಿ ಅಮೆರಿಕದಲ್ಲಿ ಡೀಪ್ ಪರ್ಪಲ್ ಎಂಬ ಹೆಸರಿನಲ್ಲಿ ಒಂದು ತಂಡ ಊರೂರು ಸುತ್ತಿತು. ಅದರಲ್ಲಿ ಹಳಬ ಒಬ್ಬನೇ: ಮಾರ್ಕ್ ಒಂದರ ಗಾಯಕ, 1968ರಲ್ಲಿ ‘ಹಷ್’ ಹಾಡಿ ಬ್ಯಾಂಡಿಗೆ ಹೆಸರು ತಂದ ರಾಡ್ ಇವಾನ್ಸ್. ಅಸಲಿಗಿಂತ ಅಸಲಿ. ಜನ ಬ್ಲ್ಯಾಕ್‌ಮೋರ್‌ಗಾಗಿ, ಗಿಲ್ಲನ್‌ಗಾಗಿ ಟಿಕೆಟ್ ಕೊಂಡು ಹೋದರೆ ವೇದಿಕೆಯ ಮೇಲೆ ಗುರುತಿಲ್ಲದ ಮುಖಗಳು. ಕೋರ್ಟು 6,72,000 ಡಾಲರ್ ಪರಿಹಾರ ಕಟ್ಟಿ ಅಂದಿತು. ಇವಾನ್ಸ್‌ಗೆ ಹಳೆಯ ಆಲ್ಬಮ್‌ಗಳ ರಾಯಲ್ಟಿಯೂ ಹೋಯಿತು. ಅಂದರೆ ಮೂಲ ಸದಸ್ಯ ನಕಲಿಯಾದ, ಆಮೇಲೆ ಬಂದವರು ಅಸಲಿಗಳಾದರು. ಇದಕ್ಕೂ ಮೊದಲು 1974ರಲ್ಲಿ, ಹೆಸರು ನನ್ನದು ಎಂದು ಫ್ಲೀಟ್‌ವುಡ್ ಮ್ಯಾಕ್‌ನ ಮ್ಯಾನೇಜರ್ ಬೇರೆಯೇ ಹುಡುಗರನ್ನು ಅಮೆರಿಕಕ್ಕೆ ಸಾಗಹಾಕಿದ್ದ. ಆ ಜಗಳದಿಂದ ಪಾರಾಗಿ, ಹೊಸಬರಿಬ್ಬರನ್ನು ಸೇರಿಸಿಕೊಂಡ ನಿಜವಾದ ಬ್ಯಾಂಡು 1977ರಲ್ಲಿ ‘ರೂಮರ್ಸ್’ ಕೊಟ್ಟಿತು. ಬ್ಯಾಂಡು ಕಟ್ಟಿದ ಪೀಟರ್ ಗ್ರೀನ್ ಹೋಗಿ ಆಗಲೇ ಏಳು ವರ್ಷವಾಗಿತ್ತು.

ನನ್ನ ಸಣ್ಣ ಬುದ್ಧಿಗೆ ಹೊಳೆಯುವುದಿಷ್ಟು. ಆಳು ಬದಲಾದರೆ ಮೋಸವಲ್ಲ. ಬದಲಾದದ್ದನ್ನು ಮುಚ್ಚಿಟ್ಟರೆ ಮೋಸ. ಹೊಸಬರು ಸೇರಿ ಹೊಸ ಹಾಡು ಕಟ್ಟಿದರೆ ಅದು ಬ್ಯಾಂಡು. ಹಳೆಯ ಹಾಡನ್ನೇ ಹಳೆಯ ಹೆಸರಿನಲ್ಲಿ ಮಾರುತ್ತಾ ಕೂತರೆ ಮಾತ್ರ ಭಾವ ಹೇಳುವ ಬೋರ್ಡು. ಕೋರ್ಟಿಗೆ ಹೋದದ್ದು ತಪ್ಪಾಯಿತು ಎಂದು ವಾಟರ್ಸೇ 2013ರಲ್ಲಿ ಬಿಬಿಸಿಗೆ ಹೇಳಿದರು. ಅವರ ಪರವಾಗಿ ನಮ್ಮ ಮನೆಯಲ್ಲಿ ಅಷ್ಟು ವರ್ಷ ವಾದಿಸಿದ ಭಾವ ಮಾತ್ರ ಇನ್ನೂ ಕೇಸು ವಾಪಸು ಪಡೆದಿಲ್ಲ.

ಹೋದ ದೀಪಾವಳಿಗೆ ಅಕ್ಕ ಬೀರು ಒರೆಸುವಾಗ ಒಂದು ಫೋಟೋ ಸಿಕ್ಕಿತು. ಐದು ಜನ ಹುಡುಗರು, ಬೆಲ್ ಬಾಟಂ, ಕಿವಿ ಮುಚ್ಚುವ ಕೂದಲು. ಬೇಸ್ ಗಿಟಾರು ಹಿಡಿದು ತುದಿಯಲ್ಲಿ ನಿಂತದ್ದು ಭಾವ. ಅವರ ಕಾಲೇಜಿನ ಬ್ಯಾಂಡು. ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ ‘ಒರಿಜಿನಲ್ ಲೈನಪ್’ ಎಂದಿತ್ತು.

‘ಯಾವ ಒರಿಜಿನಲ್?’ ಅಂದಳು ಅಕ್ಕ. ‘ಮೊದಲು ನುಡಿಸುತ್ತಿದ್ದವನು ಮೆಡಿಕಲ್ ಸೀಟು ಸಿಕ್ಕಿ ಮಣಿಪಾಲಕ್ಕೆ ಹೋದ. ಇವರ ಅಪ್ಪನ ಹತ್ತಿರ ಅಂಬಾಸಡರ್ ಇತ್ತು, ಸ್ಪೀಕರು ಸಾಗಿಸುವುದಕ್ಕೆ ಆಗುತ್ತೆ ಅಂತ ಇವರನ್ನು ಸೇರಿಸಿಕೊಂಡರು.’

ಭಾವ ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಇಬ್ಬರು ಅಮೆರಿಕದಲ್ಲಿದ್ದಾರಂತೆ. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರ ಸುದ್ದಿ ಇಲ್ಲ. ‘ನಾನು ಬಂದ ಮೇಲೇ ಕಣಯ್ಯಾ ಅದು ಬ್ಯಾಂಡ್ ಅಂತ ಆಗಿದ್ದು’ ಅಂದರು. ನಾನು ವಾದಿಸಲಿಲ್ಲ. ನಮಗೆ ಇಪ್ಪತ್ತು ವರ್ಷವಾಗಿದ್ದಾಗ ಯಾರು ಯಾರಿದ್ದರೋ ಅವರೇ ಎಲ್ಲರಿಗೂ ಮೂಲ ತಂಡ. ಅದಕ್ಕೆ ಮಾರ್ಕ್ ನಂಬರು ಹಾಕುವವರು ಯಾರೂ ಇಲ್ಲ, ಅದನ್ನು ಮತ್ತೆ ವೇದಿಕೆಗೆ ಕರೆತರುವ ಆಯೋಜಕರೂ ಇಲ್ಲ.

ಆದ್ದರಿಂದ ಕಾನ್ಸರ್ಟ್‌ಗೆ ಹೊರಟ ಹಿರಿಯರಲ್ಲಿ ಒಂದು ವಿನಂತಿ. ಟಿಕೆಟ್ ಕೊಳ್ಳುವ ಮೊದಲು ಯಾರು ಯಾರು ಬರುತ್ತಾರೆಂದು ಸಣ್ಣಕ್ಷರದವರೆಗೂ ಓದಿಕೊಳ್ಳಿ. ಕೊಂಡ ಮೇಲೆ ಯಾರು ಬಂದಿಲ್ಲವೆಂದು ಎಣಿಸಬೇಡಿ. ಎಣಿಸಲೇಬೇಕೆಂದರೆ ಮನಸ್ಸಿನಲ್ಲೇ ಎಣಿಸಿ. ಪಕ್ಕದವನೂ ದುಡ್ಡು ಕೊಟ್ಟೇ ಬಂದಿರುತ್ತಾನೆ.