ಗಾಡಿ ನೋಡೋ ಮಾವ

ಹುಡುಗ ಮೊದಲ ಬೈಕು ಕೊಳ್ಳುವ ಮನೆಯಲ್ಲಿ ದುಡ್ಡು ಹೊಂದುವುದಕ್ಕೆ ಮುಂಚೆ ಹೊಂದಿಕೆಯಾಗುವವರು ಮಾವ. ಸ್ವಂತ ಸೋದರಮಾವನೇ ಆಗಬೇಕೆಂದಿಲ್ಲ. ಅಪ್ಪನ ಆಫೀಸಿನವರಾಗಬಹುದು, ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟರಾಗಬಹುದು. ವಯಸ್ಸು ಐವತ್ತೈದರ ಆಸುಪಾಸು, ಶರಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರು, ಯಾರ ಗಾಡಿ ಬೀದಿಯಲ್ಲಿ ಹೋದರೂ ಪೇಪರಿನಿಂದ ತಲೆ ಎತ್ತದೆ "ಚೈನು ಲೂಸು" ಎನ್ನುವ ಕಿವಿ. ಇಷ್ಟಿದ್ದರೆ ಸಾಕು. "ಹಳೇ ಗಾಡಿ ಅಂದ್ಮೇಲೆ ಮಾವನ್ನ ಕರ್ಕೊಂಡೇ ಹೋಗು, ನಿನಗೇನು ಗೊತ್ತಾಗುತ್ತೆ" ಎಂದು ಅಮ್ಮ ಅಂದುಬಿಟ್ಟರೆ ಹುಡುಗನ ಅಭಿಪ್ರಾಯ ಅಲ್ಲಿಗೆ ಮುಗಿಯಿತು. ಇನ್ನು ಅವನ ಕೆಲಸ ಹಣ ಕೊಡುವುದು, ಕಾಫಿ ಕುಡಿಸುವುದು.

ಇಂಥ ಮಾವಂದಿರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಮೈಸೂರಿನ ಮಾವನ ದರ್ಜೆಯೇ ಬೇರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಯಿತು, 1973ರಿಂದ ಯೆಜ್ಡಿ ಎಂಬ ಹೆಸರಲ್ಲಿ ಮುಂದುವರಿಯಿತು, 1996ರಲ್ಲಿ ಬಾಗಿಲು ಹಾಕಿತು. ಮಾವಂದಿರ ತಲೆಯೊಳಗೆ ಮಾತ್ರ ಅಲ್ಲಿ ಇವತ್ತಿಗೂ ಪಾಳಿ ನಡೆಯುತ್ತಿದೆ. ಈ ಊರಿನಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿ, ಆ ಫ್ಯಾಕ್ಟರಿಯಲ್ಲಿ ಒಬ್ಬ ಭಾವಮೈದ ಇದ್ದೇ ಇರುತ್ತಾನೆ. ಅಷ್ಟು ಭಾವಮೈದಂದಿರು ಒಳಗೆ ನಿಂತಮೇಲೆ ಗಾಡಿ ಜೋಡಿಸಲು ಜಾಗ ಎಲ್ಲಿತ್ತೋ!

ಹುಡುಗ ಮೊದಲೇ ಒಂದು ಗಾಡಿ ನೋಡಿಟ್ಟಿರುತ್ತಾನೆ. ಐದು ವರ್ಷದ್ದು, ನೂರು ಸಿಸಿ, ಸೆಲ್ಫ್ ಸ್ಟಾರ್ಟು, ಲೀಟರಿಗೆ ಅರವತ್ತು ಕೊಡುತ್ತದೆ, ಬೀದಿಬೀದಿಯಲ್ಲಿ ಸ್ಪೇರು ಸಿಗುತ್ತದೆ. ಎಲ್‌ಎಲ್ ಕೈಗೆ ಬಂದು ಇನ್ನೂ ಒಂದು ತಿಂಗಳಾಗದವನಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಮಾವ ಅದನ್ನು ಪರೀಕ್ಷೆ ಮಾಡುವುದು ನೋಡಬೇಕು. ಸುಳ್ಳೇಕೆ ಹೇಳಬೇಕು, ಅವರ ವಿದ್ಯೆ ನಿಜವಾದ ವಿದ್ಯೆ. ಮಾರುವವನ ಕೈ ಕುಲುಕುವ ಮೊದಲೇ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಬಿಸಿ ಇದ್ದರೆ, "ನಾವು ಬರೋ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ. ತಣ್ಣಗಿದ್ದಾಗ ಹೊತ್ಕೊಳ್ಳಲ್ಲ, ಬರ್ಕೋ." ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸುತ್ತಾರೆ. ನಡುಮಧ್ಯದಲ್ಲಿ ಒಂಚೂರು ತಡೆದರೂ "ಕೋನ್‌ಸೆಟ್ ಹೋಗಿದೆ." ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಡುತ್ತಾರೆ. "ತುಕ್ಕು. ನಾಳೆ ಕಾರ್ಬೊರೇಟರ್ ಕಟ್ಕೊಳ್ಳುತ್ತೆ." ಉಗುಳು ಹಚ್ಚಿದ ಬೆರಳಿನಿಂದ ಚಾಸಿ ನಂಬರು ಉಜ್ಜಿ, ಆರ್‌ಸಿಯ ಒಂದೊಂದು ಅಂಕಿಗೂ ತಾಳೆ ನೋಡುತ್ತಾರೆ. ಕೊನೆಗೆ ಆಕ್ಸಿಲರೇಟರ್ ತಿರುಗಿಸಲು ಹೇಳಿ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ನೀಲಿ ಹೊಗೆಯ ಒಂದು ಎಳೆ ಕಂಡರೆ ಸಾಕು, "ಫೋರ್ ಸ್ಟ್ರೋಕಲ್ಲಿ ಹೊಗೆ ಅಂದ್ರೆ ರಿಂಗ್ ಹೋಗಿದೆ, ಆಯಿಲ್ ಸುಡ್ತಾ ಇದೆ. ನಡಿ." ಗೇಟು ದಾಟಿದ ಮೇಲೆ ತೀರ್ಪಿನ ಉಳಿದ ಭಾಗ: "ಅಲ್ಲಯ್ಯಾ, ಅದು ಗಾಡಿನೇನಯ್ಯಾ? ಮಿಕ್ಸಿ!"

ಆಮೇಲೆ ಕಾಫಿ. ಕಾಫಿ ಕುಡಿಯುತ್ತಾ ಮಾವ, ಏನೋ ಈಗ ನೆನಪಾದವರಂತೆ, "ಇಲ್ಲೇ ಒಂದು ಯೆಜ್ಡಿ ಇದೆಯಂತೆ, ಸುಮ್ನೆ ನೋಡ್ಕೊಂಡು ಹೋಗೋಣ" ಎನ್ನುತ್ತಾರೆ.

ಶೆಡ್ಡಿನ ಟಾರ್ಪಾಲು ಸರಿಯುತ್ತದೆ. ಒಳಗೆ ರೋಡ್‌ಕಿಂಗ್. ಹುಡುಗನಿಗಿಂತ ಹದಿನೈದು ವರ್ಷ ದೊಡ್ಡದು, ಆ ಕಡೆ ಈ ಕಡೆ ಎರಡು ಸೈಲೆನ್ಸರು, ಸೀಟಿನ ಮೇಲೆ ಬೆಕ್ಕು ಮಲಗಿದ ಗುರುತು. ಮಾವ ಇಂಜಿನ್ ಮುಟ್ಟುತ್ತಾರೆ. ಬಿಸಿ ಇದೆ. "ಪಾಪ, ನಾವು ಬರ್ತೀವಂತ ಬಿಸಿ ಮಾಡಿಟ್ಟಿದ್ದಾರೆ." ಟ್ಯಾಂಕಿನೊಳಗೆ ತುಕ್ಕು. "ಒರಿಜಿನಲ್ ಟ್ಯಾಂಕು ನೋಡು!" ಹ್ಯಾಂಡಲ್ ಎರಡು ಕಡೆಯೂ ತಡೆಯುತ್ತದೆ. "ಓಡಿಸ್ತಾ ಓಡಿಸ್ತಾ ಫ್ರೀ ಆಗುತ್ತೆ." ಆರ್‌ಸಿಯಲ್ಲಿರುವ ಯಜಮಾನರು ತೀರಿಕೊಂಡು ಬಹಳ ಕಾಲವಾಗಿದೆ, ಮಾರುತ್ತಿರುವುದು ಮಗ. "ಒಬ್ಬರೇ ಓನರ್ ಕಣೋ! ಕೈ ಬದಲಾಗೇ ಇಲ್ಲ." ಸ್ಟಾರ್ಟ್ ಮಾಡಿದ ಕೂಡಲೇ ಶೆಡ್ಡು, ಬೆಕ್ಕು, ಪಕ್ಕದ ಮನೆಯವರು ಒಣಗಹಾಕಿದ್ದ ಸೀರೆ ಎಲ್ಲವೂ ಮಾಯ. ಹೊಗೆಯೊಳಗಿಂದ ಮಾವನ ಧ್ವನಿ ಮಾತ್ರ ಬರುತ್ತದೆ: "ಟೂ ಸ್ಟ್ರೋಕು! ಆಯಿಲ್ ಕುಡಿಯೋ ಗಾಡಿ, ಹೊಗೆ ಬಿಡದಿದ್ರೇನೇ ಭಯ ಪಡ್ಬೇಕು!"

ಎರಡೂ ಕಡೆ ಅವರು ಹೇಳಿದ್ದರಲ್ಲಿ ಅರ್ಧಕ್ಕರ್ಧ ಸತ್ಯ. ಅದೇ ತೊಂದರೆ.

ಚೌಕಾಸಿಯೂ ಅವರದೇ. ಮಾರುವವನು ಹೇಳಿದ ಬೆಲೆಯಲ್ಲಿ ಮಾವ ಐದು ಸಾವಿರ ಇಳಿಸುತ್ತಾರೆ. ನಂತರ ಅವನ ತಂದೆಯ ವಿಚಾರ ಮಾತಾಡುತ್ತಾ ಗಂಟಲು ಕಟ್ಟಿ, ಮೂರು ಸಾವಿರ ವಾಪಸ್ ಏರಿಸುತ್ತಾರೆ. ಆರ್‌ಟಿಓ ಕೆಲಸ ಮಾತ್ರ ಹುಡುಗನಿಗೆ. ಮಾಮೂಲಿ ಗಾಡಿಗಾದರೆ ಫಾರಂ 29, 30ರಲ್ಲಿ ಮುಗಿಯುತ್ತಿತ್ತು. ಇಲ್ಲಿ ಮಾಲೀಕರು ಸ್ವರ್ಗದಲ್ಲಿದ್ದಾರೆ, ಆದ್ದರಿಂದ ಮೊದಲು ಮಗನ ಹೆಸರಿಗೆ ಫಾರಂ 31, ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ನೋಂದಣಿ ನವೀಕರಣವಾಗಿದೆಯೋ ಎಂಬ ಪ್ರಶ್ನೆ ಬೇರೆ. ಆ ಸಾಲಿನಲ್ಲಿ ಮಾವ ನಿಲ್ಲುವುದಿಲ್ಲ. "ಅದೆಲ್ಲಾ ಬರೀ ಪೇಪರು" ಎನ್ನುತ್ತಾರೆ.

ಇನ್ನು ಹುಡುಗನ ಕಲಿಕೆ. ಯೆಜ್ಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ತಂದು ಕೂರಿಸಿದರೆ ಗೇರು. ಅನುಭವಸ್ಥರಿಗೆ ಇದು ಸೊಗಸು. ಹೊಸಬ ಸಿಗ್ನಲ್ಲಿನಲ್ಲಿ ಆಫ್ ಮಾಡಿಕೊಂಡು, ಗಾಬರಿಯಲ್ಲಿ ಕಿಕ್ ಹೊಡೆದು, ಸ್ಟಾರ್ಟಾದ ಖುಷಿಯಲ್ಲಿ ಲಿವರನ್ನು ಮುಂದಕ್ಕೆ ತರುವುದು ಮರೆತು, ಇಲ್ಲದ ಗೇರನ್ನು ಕಾಲಲ್ಲಿ ಹುಡುಕುತ್ತಿರುವಾಗ ಹಿಂದಿನ ಸಿಟಿ ಬಸ್ಸಿನ ಡ್ರೈವರ್ ಅವನ ಮನೆತನದ ಬಗ್ಗೆ ವಿಚಾರಿಸುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಟೂಟಿ ಆಯಿಲ್ ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿದು, ಲೀಟರಿಗೆ ಇಷ್ಟೆಂದು ಲೆಕ್ಕ ಹಾಕಿ ಸುರಿಯಬೇಕು. ಕಮ್ಮಿಯಾದರೆ ಪಿಸ್ಟನ್ ಹಿಡಿಯುತ್ತದೆ, ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ. ಕಾಲೇಜಿಗೆ ಹೊರಟ ಹುಡುಗ ಬ್ಯಾಗಿನಲ್ಲಿ ಪ್ಲಗ್ ಸ್ಪ್ಯಾನರು, ಉಪ್ಪುಕಾಗದ ಇಟ್ಟುಕೊಂಡು ಓಡಾಡುತ್ತಾನೆ. ಫೋನ್ ಮಾಡಿದರೆ ಮಾವನದು ಒಂದೇ ಉತ್ತರ: "ಪ್ಲಗ್ ಬಿಚ್ಚಿ ಉಜ್ಜು ಮಗಾ. ಗಾಡಿ ಅಂದ್ರೆ ಮಾತಾಡಿಸ್ತಾ ಇರ್ಬೇಕು."

ಮಾವ ಸ್ವತಃ ಓಡಿಸುವುದು ಸೀರೆ ಗಾರ್ಡಿರುವ ಗೇರಿಲ್ಲದ ಸ್ಕೂಟರು. ಕೇಳಿದರೆ, "ನನ್ನ ಸೊಂಟ ಒಪ್ಪಲ್ಲಪ್ಪಾ."

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗ ಗಾಡಿ ಮಾರಲು ತೀರ್ಮಾನ ಮಾಡುತ್ತಾನೆ. ಮಾವನಿಗೆ ದುಃಖವಾದರೂ, ಮಾರುವ ಕಡೆಯಿಂದಲೂ ತಾನಿರಬೇಕೆಂದು ಬರುತ್ತಾರೆ. ಕೊಳ್ಳಲು ಬಂದವನೂ ಎಲ್‌ಎಲ್ ಹುಡುಗನೇ. ಅವನ ಜೊತೆಗೂ ಜೇಬಿನಲ್ಲಿ ಟೆಸ್ಟರಿರುವ ಒಬ್ಬರು ಮಾವ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡುತ್ತಾರೆ. ಬಂದ ಮಾವ ಇಂಜಿನ್ ಮೇಲೆ ಅಂಗೈ ಇಟ್ಟು, "ಫ್ಯಾಕ್ಟರಿಯಲ್ಲಿ ನಮ್ಮ ಭಾವಮೈದ ಇದ್ದ" ಎನ್ನುತ್ತಾರೆ. "ಯಾವ ಸೆಕ್ಷನ್ನು?" ಎಂದು ನಮ್ಮ ಮಾವ. ಅಷ್ಟೇ. ಒಂದು ರೌಂಡ್ ನೋಡಿಕೊಂಡು ಬರುತ್ತೇವೆಂದು ಒಬ್ಬರ ಹಿಂದೆ ಒಬ್ಬರು ಕೂತು ಚಾಮುಂಡಿ ಬೆಟ್ಟದ ಕಡೆ ಹೊರಟರೆ, ಸೊಂಟದ ಮಾತು ಇಬ್ಬರಿಗೂ ನೆನಪಿಲ್ಲ. ಹುಡುಗರಿಬ್ಬರೂ ಗೇಟಿನ ಹತ್ತಿರ ಕಾದರು, ಕಾದರು. ಆಮೇಲೆ ಕಟ್ಟೆಯ ಮೇಲೆ ಕೂತು, ಒಂದೇ ಮೊಬೈಲಿನಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳ ರೇಟು ನೋಡತೊಡಗಿದರು.