ಮೀಸೆಗೂ ಸಮುದ್ರಕ್ಕೂ ಆಗಿಬರುವುದಿಲ್ಲ

ನಮ್ಮ ಗಂಡಸರ ಮೀಸೆಯ ಬಗ್ಗೆ ಸಮುದ್ರಕ್ಕೆ ಎಳ್ಳಷ್ಟೂ ಗೌರವವಿಲ್ಲ. ಊರಲ್ಲಿ ಆ ಮೀಸೆ ಕಂಡು ನಾಲ್ಕು ಜನ ಎದ್ದು ನಿಲ್ಲಬಹುದು. ಚುನಾವಣೆಯ ಫ್ಲೆಕ್ಸಿನಲ್ಲಿ ಮುಖಕ್ಕಿಂತ ಮೊದಲು ಮೀಸೆಯೇ ಕಾಣಬಹುದು. ನೇತ್ರಾಣಿ ದ್ವೀಪದ ಬಳಿ ಸ್ನಾರ್ಕೆಲಿಂಗ್ ಮಾಸ್ಕ್ ಹಾಕಿ ನೀರಿಗೆ ಮುಖ ಇಟ್ಟರೆ ಮಾತ್ರ ಅದರ ಒಂದೊಂದು ಕೂದಲೂ ಒಂದೊಂದು ಕಾಲುವೆಯಾಗಿ ಅರಬ್ಬೀ ಸಮುದ್ರವನ್ನು ನೇರ ಮೂಗಿಗೆ ಸಾಗಿಸುತ್ತದೆ. ನಮ್ಮ ಎಷ್ಟೋ ತಾಲ್ಲೂಕುಗಳಿಗೆ ಇಷ್ಟು ಸಮರ್ಪಕ ನೀರಾವರಿ ಇನ್ನೂ ಸಿಕ್ಕಿಲ್ಲ.

ಕಾರಣ ಸರಳ. ಮಾಸ್ಕಿನ ಮೆತ್ತನೆಯ ಅಂಚು ಸುತ್ತಲೂ ಚರ್ಮಕ್ಕೇ ಅಂಟಬೇಕು. ನಡುವೆ ಕೂದಲು ಬಂದರೂ, ಕನ್ನಡಕದ ಕಡ್ಡಿ ಬಂದರೂ ನೀರು ನುಗ್ಗುತ್ತದೆ. ಆಗ ನಮ್ಮವರು ಮಾಡುವುದೇನು? ಹಿಂದಿನ ಪಟ್ಟಿಯನ್ನು ಬಿಗಿ ಮಾಡುತ್ತಾರೆ. ಬಿಗಿದಷ್ಟೂ ಅಂಚು ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ, ಇನ್ನಷ್ಟು ಬಿಗಿಯುತ್ತಾರೆ. ಕೊನೆಗೆ ಮುಖದ ಮೇಲೆ ಕೆಂಪು ಬಳೆ ಮೂಡಿಸಿಕೊಂಡು ದೋಣಿ ಹತ್ತಿ, ಮೊದಲು ದೋಣಿಯ ಹುಡುಗನನ್ನು, ಆಮೇಲೆ ಪ್ರವಾಸೋದ್ಯಮ ಇಲಾಖೆಯನ್ನು ಬೈಯುತ್ತಾರೆ. ಮೂಗಿನ ಕೆಳಗೆ, ಅಂಚು ಕೂರುವಷ್ಟು ಜಾಗ ಬೋಳಿಸಿಕೊಂಡರೆ ಮುಗಿಯಿತು. ಆದರೆ ಹಾಗೆ ಹೇಳುವ ಧೈರ್ಯ ಯಾರಿಗಿದೆ?

‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿನಡಿಯನ್ನು ತೋರಿಸಿದ್ದನ್ನು ಕಂಡವರಿಗೆ ತಾವೂ ಒಮ್ಮೆ ಇಣುಕಬೇಕೆನಿಸಿದರೆ ತಪ್ಪಿಲ್ಲ. ಇಣುಕುವ ಸಲಕರಣೆಯನ್ನು ರಾತ್ರಿ ಹನ್ನೊಂದಕ್ಕೆ ಮಲಗಿದಲ್ಲೇ ಮೊಬೈಲಿನಲ್ಲಿ ತರಿಸುವುದೇ ತಮಾಷೆ. ಬಣ್ಣ ಹಿಡಿಸಿತು, ಅರ್ಧ ಬೆಲೆ ಇದೆ, ಸಾಲದ್ದಕ್ಕೆ ಐದು ನಕ್ಷತ್ರ. ಆ ನಕ್ಷತ್ರ ಕೊಟ್ಟ ಪುಣ್ಯಾತ್ಮರು ಬರೆದಿರುವುದು ‘ಡೆಲಿವರಿ ಫಾಸ್ಟ್, ಪ್ಯಾಕಿಂಗ್ ಸೂಪರ್’ ಎಂದು. ನೀರಿಗೆ ಇಳಿದ ಸುಳಿವು ಒಬ್ಬರ ಬರಹದಲ್ಲೂ ಇರುವುದಿಲ್ಲ.

ಮೊಬೈಲಿನ ಮುಖಕ್ಕೆ ಟೆಂಪರ್ಡ್ ಗ್ಲಾಸ್ ಅಂಟಿಸದೆ ಅಂಗಡಿಯಿಂದ ಹೊರಗೆ ಕಾಲಿಡದ ಜನ ನಾವು. ಸ್ವಂತ ಕಣ್ಣಿನ ಮುಂದೆ ಪ್ಲಾಸ್ಟಿಕ್ ಹಾಳೆ ಸಾಕು. ಅದು ಬೇಗ ಗೀರು ಬಿದ್ದು, ಮಂಜು ಕಟ್ಟಿ, ಮೀನು ಯಾವುದು ಹೆಂಡತಿ ಯಾರು ಎಂದು ತಿಳಿಯದಂತೆ ಮಾಡುತ್ತದೆ. ಒಳ್ಳೆಯ ಮಾಸ್ಕಿನ ಗಾಜಿನ ಮೇಲೆ ಟೆಂಪರ್ಡ್ ಎಂದು ಅಚ್ಚಾಗಿರುತ್ತದೆ. ಅಂಚು ಸಿಲಿಕೋನಿನದು, ಒತ್ತಿದರೆ ಬಾಗುತ್ತದೆ. ಅಗ್ಗದ ಪಿವಿಸಿ ಬಾಗುವುದಿಲ್ಲ, ನಿಮ್ಮ ಮುಖವೇ ಬಾಗಬೇಕು.

ಉಸಿರಿನ ಕೊಳವೆಯ ವಿಷಯದಲ್ಲಿ ನಮಗೆ ಉದ್ದದ ಮೇಲೆ ವ್ಯಾಮೋಹ. ಉದ್ದವಿದ್ದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂಬ ಲೆಕ್ಕ. ಸಾಮಾನ್ಯ ಕೊಳವೆ 35-40 ಸೆಂಟಿಮೀಟರಿಗೆ ನಿಲ್ಲುವುದಕ್ಕೆ ಕಾರಣವಿದೆ. ಒಂದು ಮೀಟರ್ ಆಳದಲ್ಲೇ ನೀರಿನ ಒತ್ತಡಕ್ಕೆ ಎದೆ ಹಿಗ್ಗಿಸಿ ಮೇಲಿನ ಗಾಳಿ ಎಳೆಯುವುದು ಏದುಸಿರಿನ ಕೆಲಸ. ಜೊತೆಗೆ ಬಿಟ್ಟ ಗಾಳಿ ಕೊಳವೆಯಲ್ಲೇ ಉಳಿದು ಮರಳಿ ಒಳಗೆ ಬರುತ್ತದೆ. ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಂಡು ಬದುಕುವ ವಿದ್ಯೆ ಟಿ.ವಿ. ಚರ್ಚೆಗಳಲ್ಲಿ ಕೂರುವವರಿಗೆ ಮಾತ್ರ ಸಿದ್ಧಿಸಿದೆ.

ಇನ್ನು ಮುಖಪೂರ್ತಿ ಮುಚ್ಚುವ ಮಾಸ್ಕ್. ಫ್ರಾನ್ಸಿನ ಡೆಕಾಥ್ಲಾನ್ 2014ರಲ್ಲಿ ಮಾರುಕಟ್ಟೆಗೆ ತಂದದ್ದು. 2020ರ ಕೋವಿಡ್ ದಿನಗಳಲ್ಲಿ ಇಟಲಿಯ ಬ್ರೆಶಿಯಾದ ಎಂಜಿನಿಯರುಗಳು ಅದಕ್ಕೆ ಬೇರೆ ವಾಲ್ವ್ ಜೋಡಿಸಿ ರೋಗಿಗಳಿಗೆ ಉಸಿರು ಕೊಡಲು ಬಳಸಿದರು. ಅದರ ಹೆಸರಿಲ್ಲದ ನಕಲುಗಳಲ್ಲಿ ಒಳಬರುವ, ಹೊರಹೋಗುವ ಗಾಳಿಗೆ ಸರಿಯಾದ ಬೇರೆ ಬೇರೆ ದಾರಿ ಇಲ್ಲದಿದ್ದರೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತದೆ, ತಲೆ ಸುತ್ತುತ್ತದೆ. ಅಪಾಯ ಬಂದರೆ ಕೊಳವೆಯ ಹಾಗೆ ಉಗಿದು ಬಿಡಲೂ ಆಗದು. ರೀಲ್ಸಿನಲ್ಲಿ ಮುಖ ಚೆನ್ನಾಗಿ ಕಾಣುತ್ತದೆ, ನಿಜ.

ಕಾಲಿನ ಫಿನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಗಿಯಾದರೆ ಸ್ನಾಯು ಹಿಡಿಯುತ್ತದೆ, ಸಡಿಲವಾದರೆ ಬೊಬ್ಬೆ ಏಳುತ್ತದೆ, ಇಲ್ಲವೇ ಸಮುದ್ರದ ಪಾಲಾಗುತ್ತದೆ. ‘ಎಲ್ರಿಗೂ ಆಗುತ್ತೆ ಸಾರ್’ ಎಂದು ಯಾರಾದರೂ ಬಾಡಿಗೆಗೆ ಕೊಟ್ಟರೆ, ಯಾರಿಗೂ ಆಗುವುದಿಲ್ಲ ಎಂದು ತಿಳಿಯಿರಿ.

ಮಾಸ್ಕ್ ಪರೀಕ್ಷೆಗೆ ಕಾಸೂ ಬೇಡ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ನಿಮ್ಮದು, ಬಿದ್ದರೆ ಪಕ್ಕದವರದ್ದು. ಮಳೆಗಾಲದಲ್ಲಿ ನೇತ್ರಾಣಿಗೆ ಹೇಗೂ ದೋಣಿ ಹೋಗುವುದಿಲ್ಲ, ಬೇಕಾದಷ್ಟು ಸಮಯವಿದೆ. ಅಂಗಡಿಗೆ ಹೋಗುವಾಗ ದಯವಿಟ್ಟು ಮುಖವನ್ನೂ ಜೊತೆಗೆ ಕರೆದುಕೊಂಡು ಹೋಗಿ.