ಅಕ್ಕಿಮೂಟೆಯೂ ಖಾಲಿ ಸೈಟೂ

ದಿನಸಿ ಅಂಗಡಿಯ ಬಿಲ್ಲನ್ನು ತುದಿವರೆಗೆ ಓದುವವರು ಎರಡೇ ಬಗೆ: ನಿವೃತ್ತರು ಮತ್ತು ಜಗಳಕ್ಕೆ ನಿಂತವರು. ನಾನು ಮೊದಲ ಗುಂಪಿಗೆ ಸೇರಿದ್ದೇ ತಡ, ಎರಡನೆಯದಕ್ಕೂ ತಾನಾಗಿ ಬಡ್ತಿ ಸಿಕ್ಕಿತು. ಐದು ಕಿಲೋ ಅಕ್ಕಿಚೀಲದ ಬಿಲ್ಲಿನಲ್ಲಿ ಎರಡೂವರೆ ಪರ್ಸೆಂಟ್ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಅಣ್ಣತಮ್ಮಂದಿರು ಇಷ್ಟು ಸರಿಸಮನಾಗಿ ಪಾಲು ಹಂಚಿಕೊಂಡದ್ದನ್ನು ನಮ್ಮ ವಂಶದಲ್ಲಂತೂ ಯಾರೂ ಕಂಡಿಲ್ಲ.

ಇದು 2022ರ ಜುಲೈ 18ರಿಂದ ಬಂದದ್ದು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಗೋಣಿಯಿಂದ ಬಿಡಿಯಾಗಿ ತೂಗಿಕೊಟ್ಟರೂ ಇಲ್ಲ. ಸ್ವಲ್ಪ ದಿನದಲ್ಲೇ ಪೇಟೆಯಲ್ಲಿ 26 ಕಿಲೋ ಮೂಟೆಗಳು ಕಾಣಿಸಿಕೊಂಡವು. "ದೊಡ್ಡದೇ ತಗೊಳ್ಳಿ ಸಾರ್, ಟ್ಯಾಕ್ಸ್ ಉಳಿಯುತ್ತೆ" ಎಂದರು ನಮ್ಮ ಅಂಗಡಿ ಶೆಟ್ಟರು. ಉಳಿಯುತ್ತೆ, ನಿಜ. ಆದರೆ ಮೂಟೆ ಕೊಳ್ಳಲು ಒಟ್ಟಿಗೆ ದುಡ್ಡು ಬೇಕು, ಇಡಲು ಜಾಗ ಬೇಕು, ಹುಳ ಬೀಳುವ ಮುಂಚೆ ತಿಂದು ಮುಗಿಸುವ ಸಂಸಾರ ಬೇಕು. ಬಟವಾಡೆಯ ದಿನ ಐದು ಕಿಲೋ ಪ್ಯಾಕೆಟ್ ಒಯ್ಯುವವನಿಗೆ ಈ ಮೂರೂ ಇರುವುದಿಲ್ಲ. ತೆರಿಗೆ ಮಾತ್ರ ಇರುತ್ತದೆ. ಅನ್ನಭಾಗ್ಯದಲ್ಲಿ ಅಕ್ಕಿಯನ್ನು ಪುಕ್ಕಟೆ ಕೊಡುವ ಸರ್ಕಾರವೇ ಅದು ಸಾಲದೆ ಅಂಗಡಿಗೆ ಬಂದವನ ಚೀಲದಲ್ಲಿ ತನ್ನ ಎರಡೂವರೆಯನ್ನು ಹುಡುಕುತ್ತದೆ.

ಊಟಕ್ಕೆ ತೆರಿಗೆ ಹಾಕಲು ಹೊರಟ ಅಧಿಕಾರಿ ಅರ್ಧ ಅಡುಗೆಭಟ್ಟನಾಗಲೇಬೇಕು. 2020ರಲ್ಲಿ ನಮ್ಮ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ಪ್ಯಾಕೆಟ್ಟಿನ ಪರೋಟ ರೊಟ್ಟಿಯಲ್ಲ ಎಂದು ತೀರ್ಪಿತ್ತಿತು. ರೊಟ್ಟಿಯನ್ನು ಹಾಗೇ ತಿನ್ನಬಹುದು, ಪರೋಟವನ್ನು ಬಿಸಿ ಮಾಡಬೇಕು, ಆದ್ದರಿಂದ ಶೇ. 18. ಈ ನ್ಯಾಯದಲ್ಲಿ ರಾತ್ರಿ ಮಿಕ್ಕಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ನನ್ನ ಹೆಂಡತಿ ದೊಡ್ಡ ತೆರಿಗೆಗಳ್ಳಿಯೇ ಸರಿ. 2024ರ ಡಿಸೆಂಬರಿನಲ್ಲಿ ಪಾಪ್‌ಕಾರ್ನ್ ಸರದಿ: ಉಪ್ಪು ಹಾಕಿದ ಬಿಡಿಗೆ 5, ಪ್ಯಾಕೆಟ್ಟಿಗೆ 12, ಕ್ಯಾರಮೆಲ್ ಸವರಿದ್ದಕ್ಕೆ 18. 2025ರ ಸೆಪ್ಟೆಂಬರ್ 22ರಿಂದ ಪರೋಟಕ್ಕೆ ಮೋಕ್ಷ ಸಿಕ್ಕಿ ತೆರಿಗೆ ಸೊನ್ನೆಯಾಯಿತು. ಐದು ಕಿಲೋ ಅಕ್ಕಿ ಮಾತ್ರ ಅಲ್ಲೇ ಉಳಿಯಿತು.

ಇನ್ನು ಮನೆ ಕಂದಾಯದ ಕಡೆ ಬನ್ನಿ. ಇಲ್ಲೂ ಒಂದು ಐದು ಪರ್ಸೆಂಟ್ ಇದೆ, ಆದರೆ ಕಳೆಯುವ ಲೆಕ್ಕದ್ದು: ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಅಷ್ಟು ರಿಯಾಯಿತಿ. ಅಕ್ಕಿ ಕೊಂಡವನಿಗೆ ಐದು ಹೆಚ್ಚು, ಮನೆಯಿದ್ದವನಿಗೆ ಐದು ಕಮ್ಮಿ. ನಾನು ಎರಡೂ ಆದ್ದರಿಂದ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದು.

ಬೆಂಗಳೂರಿನಲ್ಲಿ 2000ದಿಂದ ನಮ್ಮ ಕಂದಾಯವನ್ನು ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. 2008ರಲ್ಲಿ ವಲಯಕ್ಕೊಂದು, ಕಟ್ಟಡದ ಬಗೆಗೊಂದು ಚದರಡಿ ದರ ಬಂತು. ಇದರಲ್ಲಿ ನನ್ನನ್ನು ಕಾಡುವುದು ಖಾಲಿ ಸೈಟು. ಅದರ ಚದರಡಿ ದರ ಕಟ್ಟಡದ್ದಕ್ಕಿಂತ ಬಹಳ ಕಡಿಮೆ. ಸಾಲ ಮಾಡಿ ಮಹಡಿ ಎಬ್ಬಿಸಿ ನಾಲ್ಕು ಜನಕ್ಕೆ ಸೂರು ಕೊಟ್ಟವನಿಗೆ ಹೆಚ್ಚು ಕಂದಾಯ. ಪಕ್ಕದಲ್ಲಿ ಪಾರ್ಥೇನಿಯಂ ಬೆಳೆಯಲು ಬಿಟ್ಟು, ಮೆಟ್ರೊ ಬರಲಿ ಎಂದು ಕಾದು ಕೂತವನಿಗೆ ಅಗ್ಗ. ಕಟ್ಟಿದ್ದಕ್ಕೆ ತೆರಿಗೆ ಹಾಕಿದರೆ ಜನ ಏನು ಮಾಡುತ್ತಾರೆಂಬುದನ್ನು ಇಂಗ್ಲೆಂಡ್ ಎಂದೋ ತೋರಿಸಿದೆ. 1696ರಲ್ಲಿ ಅಲ್ಲಿ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಿದರು, ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಕತ್ತಲೆಯಲ್ಲಿ ಕೂತರು. ಆ ತೆರಿಗೆ ಹೋದದ್ದು 1851ರಲ್ಲಿ.

ಸೈಟಿನ ಬೆಲೆ ಏರುವುದು ಒಡೆಯನ ಬೆವರಿನಿಂದಲ್ಲ. ರಸ್ತೆ, ನೀರು, ಶಾಲೆ, ಮೆಟ್ರೊಗಳಿಂದ. ಕಟ್ಟಡವನ್ನು ಬಿಟ್ಟು ನೆಲದ ಬೆಲೆಗೇ ಕಂದಾಯ ಹಾಕಿ ಎಂದು ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ವಾದಿಸಿದ್ದ. ಅದೇ ದೇಶದ ಕ್ಯಾಲಿಫೋರ್ನಿಯಾ 1978ರಲ್ಲಿ ಬೇರೆ ದಾರಿ ಹಿಡಿಯಿತು: ತೆರಿಗೆ ಕೊಂಡಾಗಿನ ಬೆಲೆಯ ಮೇಲೆ, ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಹಳಬ ಚಿಲ್ಲರೆ ಕಟ್ಟಿದರೆ ಹೊಸಬ ನೋಟಿನ ಕಂತೆ ಕಟ್ಟುತ್ತಾನೆ.

ಹಾಗಾದರೆ, ಜಾರ್ಜ್ ಹೇಳಿದಂತೆ ನೆಲದ ಬೆಲೆಗೇ ಕಂದಾಯ ಹಾಕಿದರೆ ಮಲ್ಲೇಶ್ವರದ ಹಳೆಮನೆಯಲ್ಲಿ ಪಿಂಚಣಿ ನೆಚ್ಚಿ ಕೂತ ಅಜ್ಜಿಯ ಗತಿ? ಕೂತ ಜಾಗಕ್ಕೆ ಕೋಟಿಗಳು, ಕೈಯಲ್ಲಿ ಮಾತ್ರೆಯ ದುಡ್ಡು. ಅವರಿಗೆ ಅಮೆರಿಕದ ಆರೆಗಾನ್‌ನಂಥ ರಾಜ್ಯಗಳಲ್ಲಿ ಉಪಾಯವಿದೆ: ವಯಸ್ಸಾದವರ ಕಂದಾಯ ಬಾಕಿ ಬರೆದುಕೊಂಡು, ಮನೆ ಮಾರಿದಾಗ ವಸೂಲಿ. ಅಜ್ಜಿ ನೆಮ್ಮದಿಯಾಗಿರುತ್ತಾರೆ, ಚಡಪಡಿಸುವುದು ಮೊಮ್ಮಕ್ಕಳು.

ಹೀಗೆ ಯೋಚಿಸಿ ನಾನೊಂದು ಬಜೆಟ್ ತಯಾರಿಸಿದ್ದೇನೆ. ಅಕ್ಕಿ, ಬೇಳೆ, ಮೊಸರಿಗೆ ಮೂಟೆ ಪ್ಯಾಕೆಟ್ಟೆನ್ನದೆ ಸೊನ್ನೆ. ಸೈಟಿಗೆ, ಅದರ ಮೇಲೆ ಬಂಗಲೆ ಇರಲಿ ಪಾರ್ಥೇನಿಯಂ ಇರಲಿ, ನೆಲದ ಬೆಲೆಗೆ ತಕ್ಕ ಕಂದಾಯ. ಮೊನ್ನೆ ಹಬ್ಬದೂಟದಲ್ಲಿ ಇದನ್ನು ಮಂಡಿಸಿದೆ. ಮೊದಲ ಭಾಗಕ್ಕೆ ಸರ್ವಾನುಮತದ ಒಪ್ಪಿಗೆ ಸಿಕ್ಕಿತು. ಎರಡನೆಯದು ಶುರುವಾಗುತ್ತಲೇ, ಊರಾಚೆ ಎರಡು ಸೈಟು ಇಟ್ಟಿರುವ ನನ್ನ ಭಾವಮೈದುನ ಹೋಳಿಗೆ ಅರ್ಧಕ್ಕೇ ಬಿಟ್ಟು ಸಭಾತ್ಯಾಗ ಮಾಡಿದ.